ಬಡಿದು ನೋಡಿದ ಚಕ್ರಗಳು

ಚಕ್ರದ ಜಗಳ ಯಾವಾಗಲೂ ತಟ್ಟೆ ಹಾಕಿದ ಮೇಲೇ ಶುರುವಾಗುತ್ತಿತ್ತು.

"ಕಬ್ಬಿಣ ಅಂದ್ರೆ ಕಬ್ಬಿಣ," ಅಂದರು ಮಾವ, ಅನ್ನಕ್ಕೆ ಬೇಳೆ ಕಲಸುತ್ತ. "ಬಗ್ಗುತ್ತೆ. ಬಗ್ಗಿದ್ರೆ ಬಡಿದು ನೆಟ್ಟಗೆ ಮಾಡ್ಬಹುದು. ನಿನ್ನ ಅಲಾಯ್ ಬಗ್ಗಲ್ಲ. ಹೇಳ್ದೆ ಕೇಳ್ದೆ ಒಡೆದುಹೋಗುತ್ತೆ."

"ಅದು ಎರಕ ಹೊಯ್ದಿದ್ದು ಅಪ್ಪಾ. ನಾನು ಹೇಳ್ತಿರೋದು ಒತ್ತಿ ಮಾಡಿದ್ದು. ಕಬ್ಬಿಣದಷ್ಟೇ ಗಟ್ಟಿ, ತೂಕ ಎಷ್ಟೋ ಕಡಿಮೆ. ಎಷ್ಟು ಭಾರ ತಡೆಯುತ್ತೆ ಅಂತ ಚಕ್ರದ ಬೆನ್ನ ಮೇಲೇ ಅಚ್ಚು ಹಾಕಿರ್ತಾರೆ."

"ತೂಕ ಕಡಿಮೆ ಆದ್ರೆ ಏನು ಸಿಕ್ತು? ತಲೆ ಮೇಲೆ ಹೊತ್ಕೊಂಡು ಓಡ್ತೀಯಾ?"

ಮೈದುನ, ಅವರ ಕಿರಿಮಗ, ನಗಲಿಲ್ಲ. "ಭಾರದ ಚಕ್ರ ಕಲ್ಲು ಹತ್ತಿದ್ರೆ ಎಗರುತ್ತೆ. ಹಗುರ ಇದ್ರೆ ಸ್ಪ್ರಿಂಗು ತಕ್ಷಣ ಕೆಳಗೆ ಒತ್ತುತ್ತೆ, ಟೈರು ನೆಲ ಬಿಡಲ್ಲ. ಆ ಇಳಿಜಾರಲ್ಲಿ ಟೈರು ನೆಲ ಬಿಟ್ರೆ ಬ್ರೇಕ್ ಯಾತಕ್ಕೆ ಹಾಕ್ಲಿ, ಗಾಳಿಗಾ?"

ಅತ್ತೆ ಸೌಟನ್ನು ಪಾತ್ರೆಗೆ ಕುಕ್ಕಿದರು. "ಉಣ್ಣೋವಾಗ ಆ ಇಳಿಜಾರಿನ ಮಾತೆತ್ತಬೇಡಿ ಅಂತ ಎಷ್ಟು ಸಲ ಬಡ್ಕೋಬೇಕು?"

ಸೊಸೆ ಎಲ್ಲರ ಲೋಟಕ್ಕೂ ನೀರು ಹಾಕಿದಳು. ತುಂಬಿದ್ದ ಲೋಟಕ್ಕೂ ಹಾಕಿದಳು. ನೀರು ಮೇಜಿನ ಅಂಚಿಗೆ ಹರಿಯಿತು. ಆ ಇಳಿಜಾರಿನಲ್ಲೇ ಹೋದ ವರ್ಷ ಅವಳ ಗಂಡ, ಈ ಮನೆಯ ಹಿರಿಮಗ, ಇದೇ ಪಿಕಪ್ಪಿನ ಜೊತೆ ಕಣಿವೆಗೆ ಉರುಳಿದ್ದ. ಗಾಡಿಯನ್ನು ಕ್ರೇನಿನಲ್ಲಿ ಮೇಲೆತ್ತಿ, ಬಾಗಿಲು ಬಾನೆಟ್ಟು ಬದಲಾಯಿಸಿ, ಮತ್ತೆ ರಸ್ತೆಗೆ ಇಳಿಸಿದರು. ಗಂಡನ ವಿಷಯದಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ.

ಬೆಟ್ಟದ ನೆತ್ತಿಯಲ್ಲಿ ಕಲ್ಲುಗಣಿ. ಅಲ್ಲಿನ ಅಡುಗೆಮನೆಗೆ ಅಕ್ಕಿ, ತರಕಾರಿ, ಸಿಲಿಂಡರು, ಯಂತ್ರಗಳಿಗೆ ಡೀಸೆಲ್ ಪೀಪಾಯಿ ಮುಟ್ಟಿಸುವುದು ಈ ಮನೆಯ ಪಿಕಪ್ಪು. ಅಣ್ಣನ ನಂತರ ತಮ್ಮ ಸ್ಟಿಯರಿಂಗ್ ಹಿಡಿದಿದ್ದ. ಮೇಲಕ್ಕೆ ಹೋಗುವ ದಾರಿಯನ್ನು ರಸ್ತೆ ಅನ್ನುವುದು ಬಾಯಿಮಾತಿಗೆ. ಅದು ನೀರು ಕೊರೆದ ಹಳ್ಳ, ಮಧ್ಯೆ ಮಧ್ಯೆ ತಲೆ ಎತ್ತಿದ ಬಂಡೆ. ವಾರಕ್ಕೊಂದು ಚಕ್ರವಾದರೂ ಬಗ್ಗಿ ಬರುತ್ತಿತ್ತು. ಮನೆಗೆ ತಾಗಿದ ಶೆಡ್ಡಿನಲ್ಲಿ ಮಾವ ಅದನ್ನು ಕಾಯಿಸಿ, ಬಡಿದು, ಬಿರುಕಿದ್ದಲ್ಲಿ ಬೆಸುಗೆ ಹಾಕಿ, ಸಿಲ್ವರ್ ಬಣ್ಣ ಬಳಿಯುತ್ತಿದ್ದರು. ಅವರ ಇಡೀ ಜೀವಮಾನದ ಕಸುಬು ಅದೇ. ಟೈರು ಕೂರುವ ಕಬ್ಬಿಣದ ಚಕ್ರಕ್ಕೆ ಅಲ್ಲಿ ಡಿಸ್ಕು ಅನ್ನುವುದು ರೂಢಿ; ಸುತ್ತಲಿನವರು ಅವರನ್ನು ಡಿಸ್ಕಿನ ತಾತ ಅನ್ನುತ್ತಿದ್ದರು. ಬಣ್ಣ ಬಳಿಯುವ ಮುಂಚೆ ಚಕ್ರವನ್ನು ಮರದ ದಿಮ್ಮಿಯ ಮೇಲೆ ನಿಲ್ಲಿಸಿ, ಚಿಕ್ಕ ಸುತ್ತಿಗೆಯಿಂದ ಸುತ್ತಲೂ ಬಡಿದು, ತಲೆ ಓರೆ ಮಾಡಿ ಆಲಿಸುತ್ತಿದ್ದರು. ಗಟ್ಟಿ ಚಕ್ರ ಗಂಟೆಯ ಹಾಗೆ ಮೊಳಗಬೇಕು. ಒಳಗೆ ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಪಾಸಾದ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದರೆ ಮುಗಿಯಿತು. ಆ ಗೀಟಿನ ಮೇಲೆ ಊರಿಗೇ ನಂಬಿಕೆ.

ಅವಳ ಗಂಡ ಹೋದ ದಿನ ಗಾಡಿಯ ಮುಂದಿನ ಚಕ್ರ ನಟ್ಟುಗಳ ಹತ್ತಿರ ಹರಿದುಹೋಗಿತ್ತು. ಬಂಡೆಗೆ ಗುದ್ದಿದ್ದಕ್ಕೆ ಹರಿದದ್ದು ಅಂದರು ಎಲ್ಲರೂ. ಅತಿವೇಗ ಅಂತ ಪೊಲೀಸರು ಬರೆದುಕೊಂಡು ಹೋದರು. ವೇಗಕ್ಕೆ ಕಾರಣವೂ ಮನೆಯಲ್ಲೇ ಸಿಕ್ಕಿತು: ಆವತ್ತು ಬೆಳಿಗ್ಗೆ ಅವಳು ಫೋನ್ ಮಾಡಿ, "ಮಗುಗೆ ಜ್ವರ ಇಳೀತಿಲ್ಲ, ಬೇಗ ಬನ್ನಿ," ಅಂದಿದ್ದಳು.

ಅತ್ತೆ ಇದನ್ನು ಕೂಗಾಡಿ ಹೇಳಿದವರಲ್ಲ. ಅಕ್ಕಿ ಆರಿಸುತ್ತ, ಬಟ್ಟೆ ಮಡಚುತ್ತ, ಎಲ್ಲೋ ನೋಡಿಕೊಂಡು ಅನ್ನುತ್ತಿದ್ದರು. "ಗಾಡಿ ಓಡಿಸೋರಿಗೆ ಫೋನ್ ಮಾಡಿ ಅವಸರ ಮಾಡಬಾರದು. ನಮ್ಮ ಕಾಲದಲ್ಲಿ ಫೋನೇ ಇರ್ಲಿಲ್ಲ, ಮಕ್ಕಳಿಗೆ ಜ್ವರ ಬರ್ತಿರ್ಲಿಲ್ವಾ?"

ಮೈದುನನೂ ಒಮ್ಮೆ ನೆಂಟರೆದುರು ಹೇಳಿದ್ದ, "ಅಣ್ಣ ಒಂಚೂರು ನಿಧಾನ ಬಂದಿದ್ರೆ." ಗುಬ್ಬಿ ಅಂತ ಎಲ್ಲರೂ ಕರೆಯುವ ಅವಳ ಮಗಳು ಅಲ್ಲೇ ಕೂತಿದ್ದಳು. "ನಮ್ಮಪ್ಪ ಜೋರಾಗಿ ಓಡಿಸ್ತಾನೇ ಇರ್ಲಿಲ್ಲ. ನಾನು ಗಾಡೀಲಿ ಕೂತಿದ್ದೀನಿ, ನನಗೊತ್ತು," ಅಂದಿದ್ದಳು.

ಸೊಸೆ ಹತ್ತಿರದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಹೋಗುತ್ತಿದ್ದಳು, ಬರುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು.

*

ಭಾನುವಾರ ಬೀನ್ಸು ಸೀದುಹೋಯಿತು.

"ರೀ! ಕುಕ್ಕರ್ ಪಕ್ಕದಲ್ಲೇ ಕೂತಿದ್ರಲ್ಲ! ಅಷ್ಟು ಸಲ ಅದು ಕೂಗಿದೆ, ಬೀದಿ ಕೊನೆಯಲ್ಲಿದ್ದ ನನಗೆ ಕೇಳಿಸ್ತು!" ಅತ್ತೆ ತರಕಾರಿ ಚೀಲ ಕೆಳಗಿಟ್ಟು ಒಲೆಯತ್ತ ಓಡಿದರು.

ಮಾವ ಪೇಪರಿನಿಂದ ತಲೆ ಎತ್ತಿದರು. "ಕೂಗಿಲ್ಲ ಅದು. ರಬ್ಬರು ಹೋಗಿರ್ಬೇಕು."

"ಹೋಗಿರೋದು ರಬ್ಬರಲ್ಲ."

"ಏನಂದೆ?"

"ಏನೂ ಇಲ್ಲ. ಹೆಂಡತಿ ಮಾತಿಗೆ ಮಾತ್ರ ಕಿವುಡು ಅನ್ಕೊಂಡಿದ್ದೆ, ಈಗ ಕುಕ್ಕರೂ ಸೇರ್ಕೊಂಡಿದೆ. ಅದೂ ಹೆಣ್ಣೇ ಇರ್ಬೇಕು."

ಮೈದುನ ಗೊಳ್ಳೆಂದು ನಕ್ಕ. ಮಾವನೂ ನಕ್ಕರು, ಎಲ್ಲರೂ ನಕ್ಕ ಮೇಲೆ. ಸೊಸೆ ಕುಕ್ಕರಿನ ತಳ ಕೆರೆಯುತ್ತಿದ್ದಳು.

ಆ ನಗುವಿನಲ್ಲೇ ಮೈದುನ ಕೆಲಸ ಸಾಧಿಸಿಕೊಂಡ. ಹಳೆ ಚಕ್ರಗಳ ವ್ಯಾಪಾರಿಯೊಬ್ಬನ ಹತ್ತಿರ ಒತ್ತಿ ಮಾಡಿದ ಹಗುರ ಚಕ್ರಗಳ ಒಂದು ಸೆಟ್ಟು ಬಂದಿದೆ, ಸ್ಟೆಪ್ನಿಯೂ ಸೇರಿ. ನಟ್ಟಿನ ತೂತುಗಳ ಅಂತರ ನಮ್ಮ ಗಾಡಿಗೆ ಸರಿಯಾಗಿ ಕೂರುತ್ತೆ. ಹೊಸದು ಕೊಳ್ಳೋ ತಾಕತ್ತು ನಮಗಿಲ್ಲ, ಇದು ಬಿಟ್ಟರೆ ಇನ್ನೊಂದು ಸಿಗಲ್ಲ, ಅಂದ.

"ತಗೊಂಡು ಬಾ," ಅಂದರು ಮಾವ ಕೊನೆಗೆ. "ಆದ್ರೆ ನಾನು ಬಡಿದು ನೋಡದೆ ಒಂದು ಚಕ್ರನೂ ಗಾಡಿಗೆ ಏರಬಾರದು."

"ನೀವು ಬೇಡ ಅಂದಿದ್ದು ವಾಪಸ್ಸು. ಮಾತಾಡ್ಕೊಂಡೇ ಬಂದಿದ್ದೀನಿ."

"ಹಂಗೆ ಹೇಳು," ಅಂತ ಮಾವ ಸೀದ ಬೀನ್ಸನ್ನು ಅನ್ನದ ಪಕ್ಕಕ್ಕೆ ಸರಿಸಿದರು.

*

ಚಕ್ರಗಳು ಬಂದ ಸಂಜೆ ಅವಳು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಮೈದುನ ವಾಲ್ವು ತರಲು ಹೋಗಿದ್ದ. ಮಾವ ಶೆಡ್ಡಿನ ಬಾಗಿಲಲ್ಲಿ ಅವಳಿಗೆ ಬೆನ್ನು ಹಾಕಿ ಕೂತು, ಮೊದಲ ಚಕ್ರವನ್ನು ದಿಮ್ಮಿಯ ಮೇಲೆ ನಿಲ್ಲಿಸಿದರು. ಬೂದು ಬಣ್ಣ, ತೆಳು ಕಡ್ಡಿಗಳು. ಎತ್ತಿದಾಗ ಅವರ ಹುಬ್ಬು ಏರಿತು. ಅಷ್ಟು ಹಗುರ ಅಂತ ಅಂದುಕೊಂಡಿರಲಿಲ್ಲ.

ಬಡಿದರು. ಸದ್ದು ಸಣ್ಣಗೆ, ಉದ್ದಕ್ಕೆ, ಗೋಡೆಯಾಚೆಗೂ ಹೋಯಿತು. ಗೀಟು ಎಳೆದರು. ಎರಡನೆಯದೂ ಹಾಗೇ. ಮುಂದಿನದಕ್ಕೆ ಸುತ್ತಿಗೆ ಬಿದ್ದಾಗ ಅವಳ ಕೈ ಹಗ್ಗದ ಮೇಲೆ ನಿಂತಿತು. ಬಡಿದ ಸದ್ದು ಬಡಿದಲ್ಲೇ ಸತ್ತಿತು. ಮಾವ ತಲೆ ಓರೆ ಮಾಡಿದರು, ಇನ್ನೊಮ್ಮೆ ಬಡಿದರು. ಮತ್ತೆ ಅದೇ ಮೊಂಡು ಸದ್ದು. ಗೀಟು ಎಳೆದರು.

"ಮಾವ, ಅದರ ಸದ್ದು ಬೇರೆ ಇತ್ತಲ್ವಾ?"

ಅವರು ಮುಂದಿನ ಚಕ್ರ ಉರುಳಿಸಿಕೊಂಡರು.

"ಮಾವ." ಇನ್ನೂ ಜೋರಾಗಿ, "ಮಾವಾ!"

ತಿರುಗಿದರು. ಅವಳು ಅದೇ ಮಾತನ್ನು ಮೆಲ್ಲಗೆ ಇನ್ನೊಮ್ಮೆ ಕೇಳಿದಳು. ಅವರು ನಕ್ಕು, ತಲೆಯಾಡಿಸಿ, "ಹೂಂ ಹೂಂ, ಕೊಡು, ಸಕ್ಕರೆ ಕಡಿಮೆ ಹಾಕು," ಅಂದರು.

ಆ ತಲೆಯಾಡಿಸುವುದು ಅವಳಿಗೆ ಗೊತ್ತಿತ್ತು. ಅವಳ ತರಗತಿಯಲ್ಲಿ ಹೋದ ವರ್ಷ ಒಬ್ಬಳು ಹುಡುಗಿ ಇದ್ದಳು, ಕೇಳಿದ್ದಕ್ಕೆಲ್ಲ ನಕ್ಕು ಹೂಂ ಅನ್ನುವವಳು. ಬಹಳ ವಿಧೇಯ ಮಗು ಅಂತ ಎಲ್ಲರೂ ಹೊಗಳುತ್ತಿದ್ದರು. ಮಗುವಿಗೆ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ.

ಚಹಾ ಮಾಡಿ ಕೊಟ್ಟಳು. ಸಕ್ಕರೆ ಕಡಿಮೆ ಹಾಕಿ.

ಸುತ್ತಿಗೆ ಬಿದ್ದದ್ದು ಮಾವನಿಗೆ ಕೇಳಿಸುತ್ತಿತ್ತು. ಆಮೇಲೆ ಮೊಳಗುವುದು ಕೇಳಿಸುತ್ತಿರಲಿಲ್ಲ. ಅದನ್ನು ಅವರು ನೆನಪಿನಿಂದ ತುಂಬಿಕೊಳ್ಳುತ್ತಿದ್ದರು. ಎಷ್ಟು ದಿನದಿಂದ?

ಮರುದಿನ ಶಾಲೆಯಿಂದ ಬಂದವಳು ಶೆಡ್ಡಿನ ಹಿಂದಕ್ಕೆ ಹೋದಳು. ಅಲ್ಲಿ ಹುಲ್ಲಿನಲ್ಲಿ ಗಂಡ ಹೋದ ದಿನದ ಆ ಹರಿದ ಡಿಸ್ಕು ಬಿದ್ದಿತ್ತು. ಗುಜರಿಗೆ ಹಾಕಲು ಯಾರಿಗೂ ಕೈ ಬಂದಿರಲಿಲ್ಲ. ನೋಡಲೂ ಯಾರೂ ಹೋಗುತ್ತಿರಲಿಲ್ಲ. ಕೂತು ಅದನ್ನು ಮಗುಚಿದಳು. ಹರಿದ ಅಂಚು ತುಕ್ಕು ಹಿಡಿದು ಕೆಂಪಾಗಿತ್ತು. ಒಂದು ಕಡೆ ಮಾತ್ರ, ಅಂಗೈ ಅಗಲ, ತುಕ್ಕಿರಲಿಲ್ಲ. ಸೆರಗಿನಿಂದ ಒರೆಸಿದಳು. ಹರಿದ ಲೋಹದ ಒಳಮೈಗೆ ಸಿಲ್ವರ್ ಬಣ್ಣ ಅಂಟಿತ್ತು.

ಬಣ್ಣ ಬಳಿಯುವುದು ಬಡಿದು ನೋಡಿದ ಮೇಲೆ. ಬಣ್ಣ ಒಳಗೆ ಇಳಿಯಬೇಕಾದರೆ ಬಿರುಕು ಆಗಲೇ ಬಾಯಿ ತೆರೆದಿರಬೇಕು. ಬಂಡೆಗೆ ಗುದ್ದಿ ಚಕ್ರ ಹರಿದದ್ದಲ್ಲ. ಚಕ್ರ ಹರಿದು ಗಾಡಿ ಬಂಡೆಗೆ ಹೋದದ್ದು.

ಅವಳು ಅಲ್ಲೇ ಕೂತಿದ್ದಳು. ಅಳು ಬರಬಹುದು ಅಂತ ಕಾದಳು. ಬರಲಿಲ್ಲ. ಒಳಗಿನಿಂದ ಅತ್ತೆ, "ಆಲೂಗಡ್ಡೆ ಹೆಚ್ಚೋರು ಯಾರು?" ಅಂತ ಕೂಗಿದರು. ಎದ್ದು ಹೋಗಿ ಹೆಚ್ಚಿದಳು.

*

"ನಿಮಗೇನು ಗೊತ್ತು ಅತ್ತಿಗೆ ಚಕ್ರದ ವಿಷಯ?" ಅಂದ ಮೈದುನ. ಮಾವ ಅತ್ತೆ ಸಂಬಂಧಿಕರ ಮನೆಗೆ ಹೋಗಿದ್ದ ಮಧ್ಯಾಹ್ನ ಅದು. ಚಕ್ರಗಳು ಇನ್ನೂ ಗಾಡಿಗೆ ಏರಿರಲಿಲ್ಲ. "ಅಪ್ಪ ಗೀಟು ಹಾಕಿದ್ದಾರೆ. ಮುಗೀತು."

"ನೀನೇ ಒಂದ್ಸಲ ಬಡಿದು ನೋಡು ಪುಟ್ಟಾ."

"ನನಗೆ ಆ ಕಿವಿ ಇಲ್ಲ. ಅದು ಅಪ್ಪಂದು."

"ಸುಮ್ನೆ ಬಡಿ."

ಗೊಣಗುತ್ತ ಬಡಿದ. ಮೊದಲನೆಯದು, ಆಮೇಲೆ ಅದು. ಮತ್ತೆ ಮೊದಲನೆಯದು. ಸುತ್ತಿಗೆ ಕೆಳಗಿಟ್ಟ.

"ಟೈರಿನ ರಬ್ಬರ್ ಚೂರು ಏನಾದ್ರೂ ಅಂಟಿರ್ಬೇಕು," ಅಂದ. ದನಿಯಲ್ಲಿ ಜೋರಿರಲಿಲ್ಲ.

ಆಮೇಲೆ ತಾನೇ ಹೋಗಿ ಸೀಮೆಎಣ್ಣೆ ತಂದ. ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ ಕಲಿತದ್ದು: ಎಣ್ಣೆ ಸವರಿ, ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗೆ ಅಡಗಿದ ಎಣ್ಣೆ ಪುಡಿಗೆ ಊರುತ್ತದೆ. ಇಬ್ಬರೂ ಕುಕ್ಕುರುಗಾಲಲ್ಲಿ ಕೂತು ನೋಡಿದರು. ನಟ್ಟಿನ ಒಂದು ತೂತಿನಿಂದ ಇನ್ನೊಂದಕ್ಕೆ, ಕೂದಲೆಳೆಯಷ್ಟು ಕಪ್ಪು ಗೆರೆ ಮೆಲ್ಲಗೆ ಮೂಡಿತು.

"ಇದು ಗಾಡಿ ಮುಂದಿನ ಚಕ್ರ ಆಗ್ತಿತ್ತು," ಅಂದ ಮೈದುನ. ಗೆರೆಯ ಮೇಲೆ ಬೆರಳಾಡಿಸಿ, "ಅಪ್ಪ ಎರಡೆರಡು ಸಲ ಬಡಿದ್ರಾ?"

"ಹೂಂ."

"ಕೇಳಿಸ್ಲಿಲ್ವಾ?"

"ಕುಕ್ಕರ್ ಕೂಗಿದ್ದೂ ಕೇಳಿಸಿರ್ಲಿಲ್ಲ."

ಅವನು ಅವಳ ಮುಖ ನೋಡಿದ. ಅವಳು ಎದ್ದು ಶೆಡ್ಡಿನ ಹಿಂದಕ್ಕೆ ನಡೆದಳು. ಅವನು ಹಿಂದೆಯೇ ಬಂದ. ಡಿಸ್ಕಿನ ಅಂಚನ್ನು ತೋರಿಸಿದಳು. ಏನೂ ವಿವರಿಸಬೇಕಾಗಲಿಲ್ಲ; ಬಣ್ಣದ ಡಬ್ಬಿ ಹಿಡಿದು ಬೆಳೆದವನು ಅವನು. ಬೆರಳಿಟ್ಟು ನೋಡಿದ, ಉಗುರಿನಿಂದ ಕೆರೆದ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅಣ್ಣ ಜೋರಾಗಿ ಬಂದಿರ್ಲಿಲ್ಲ."

"ಇಲ್ಲ."

"ನಾನು ಎಲ್ಲರೆದುರಿಗೆ ಹೇಳಿದ್ದೆ, ಗುಬ್ಬಿ ಎದುರಿಗೆ." ಅವನು ಡಿಸ್ಕನ್ನು ಮಗುಚಿ ಹಾಕಿದ. "ಅಮ್ಮ ಬರ್ಲಿ. ಇವತ್ತೇ ಹೇಳ್ತೀನಿ. ವರ್ಷದಿಂದ ನಿಮ್ಮನ್ನ ಚುಚ್ಚಿ ಚುಚ್ಚಿ ಇಟ್ಟಿದ್ದಾಳೆ."

"ಬೇಡ."

"ಯಾಕೆ ಬೇಡ?"

"ಅತ್ತೆಗೆ ಹೇಳಿದ್ರೆ ಮಾವನಿಗೆ ಗೊತ್ತಾಗುತ್ತೆ. ಆಮೇಲೆ ಅವರು ಬದುಕಿರ್ತಾರಾ?"

"ಅಣ್ಣನ ಹೆಸರು?"

"ಅವರಿಗೆ ಈಗ ಹೆಸರು ಇಟ್ಕೊಂಡು ಏನಾಗ್ಬೇಕಾಗಿದೆ," ಅಂದಳು. ಅಂದ ಮೇಲೆ ಆ ಮಾತು ತನ್ನದೇನಾ ಅಂತ ಅನಿಸಿತು. "ನೀನು ಈ ಚಕ್ರ ವಾಪಸ್ ಕೊಟ್ಟು ಬೇರೆ ತಾ. ಇನ್ನು ಮೇಲೆ ಯಾವುದನ್ನೂ ಸೀಮೆಎಣ್ಣೆ ಹಾಕಿ ನೋಡದೆ ಗಾಡಿಗೆ ಹತ್ತಿಸ್ಬೇಡ. ಮಾವ ಬಡೀಲಿ, ಗೀಟು ಹಾಕ್ಲಿ. ನೀನು ಆಮೇಲೆ ನೋಡ್ಕೋ. ಅಷ್ಟು ಸಾಕು."

ಅವನು ಚಕ್ರ ಬದಲಾಯಿಸಿ ತಂದ. ಹೋಗುವಾಗ ಹರಿದ ಡಿಸ್ಕನ್ನೂ ಗಾಡಿಗೆ ಹಾಕಿಕೊಂಡು ಹೋಗಿ ಗುಜರಿಯವನಿಗೆ ಕೊಟ್ಟುಬಂದ. ಅದಕ್ಕೆ ಸಿಕ್ಕಿದ ಚಿಲ್ಲರೆಯನ್ನು ಏನು ಮಾಡಬೇಕೋ ತಿಳಿಯದೆ ಗಾಡಿಯ ಡ್ಯಾಶ್‌ಬೋರ್ಡಿನಲ್ಲೇ ಬಿಟ್ಟ.

*

ಹೊಸ ಚಕ್ರ ಹಾಕಿಕೊಂಡು ಗಾಡಿ ಬೆಟ್ಟಕ್ಕೆ ಹೋಗಿ ಬರತೊಡಗಿತು. ಸಿಲಿಂಡರು ಮೊದಲಿನಷ್ಟು ಕುಲುಕುವುದಿಲ್ಲ, ಇಳಿಜಾರಿನಲ್ಲಿ ಹಿಡಿತ ಚೆನ್ನಾಗಿದೆ ಅಂದ ಮೈದುನ. ಬೇರೆ ದಿನವಾಗಿದ್ದರೆ ಗೆದ್ದವನ ಹಾಗೆ ಹೇಳುತ್ತಿದ್ದ. ಈಗ ತಟ್ಟೆ ನೋಡಿಕೊಂಡು ಹೇಳಿದ.

ಮಾವ ಊಟ ಕಡಿಮೆ ಮಾಡಿದರು. ಹಲ್ಲುನೋವು ಅಂದರು. ಅತ್ತೆ ಗಂಜಿ ಮಾಡಿಕೊಟ್ಟರು. ಅದೂ ಹಾಗೇ ಉಳಿಯಿತು. ಶೆಡ್ಡಿಗೆ ಬಗ್ಗಿದ ಡಿಸ್ಕುಗಳು ಬಂದು ಬಿದ್ದವು. ಯಾರದೋ ಟ್ರಾಕ್ಟರಿನವನು ಬಂದು, "ತಾತ, ಗೀಟು ಹಾಕಿಕೊಡಿ, ಹೊರಡ್ತೀನಿ," ಅಂದರೆ, "ಕೈ ನೋವು, ನಾಳೆ ಬಾ," ಅಂತ ಕಳಿಸಿದರು.

"ಬೆಳಿಗ್ಗೆ ಹಲ್ಲು, ಸಂಜೆ ಕೈ," ಅಂದರು ಅತ್ತೆ. "ನಾಳೆ ಯಾವ ಭಾಗದ ಸರದಿ ಅಂತ ಮೊದಲೇ ಹೇಳಿದ್ರೆ ಅಡುಗೆ ಹಾಗೇ ಮಾಡ್ತೀನಿ."

ಮಾವ ನಗಲಿಲ್ಲ.

ಕಸ ಗುಡಿಸುವಾಗ ಅವಳಿಗೆ ಕಂಡಿತು. ಶೆಡ್ಡಿನ ನೆಲದ ಮೇಲೆ, ತಾನೂ ಮೈದುನನೂ ಕೂತಿದ್ದಲ್ಲಿ, ಸೀಮೆಸುಣ್ಣದ ಪುಡಿ ದುಂಡಗೆ ಹರಡಿ ಉಳಿದಿತ್ತು. ಎಣ್ಣೆ ಕಲೆಯೂ ಇತ್ತು. ಮಾವನಿಗೆ ಅದು ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಹಿಂದಕ್ಕೆ ಹೋಗಿ ನೋಡಿದಳು. ಡಿಸ್ಕು ಇದ್ದ ಜಾಗದಲ್ಲಿ ಹುಲ್ಲು ಬಿಳುಚಿ ಚಕ್ರದಾಕಾರ ಉಳಿದಿತ್ತು. ಅದರ ಮುಂದೆ ಮಣ್ಣಿನಲ್ಲಿ ಅವರ ಚಪ್ಪಲಿಯ ಗುರುತು, ಬಹಳ ಹೊತ್ತು ಒಂದೇ ಕಡೆ ನಿಂತವರದು.

ಪುಡಿಯನ್ನು ಗುಡಿಸಿ ಹಾಕಿದಳು. ತಡವಾಗಿತ್ತು.

*

ರಜದ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಗುಬ್ಬಿ ಮೊಟ್ಟೆಯ ಹಳದಿ ತೆಗೆದು ತಾತನ ತಟ್ಟೆಗೆ ಹಾಕಿದಳು. ಅದು ಅವಳ ಮಾಮೂಲು. ಮಾವ ಅದನ್ನು ಮುಟ್ಟಲಿಲ್ಲ. ಅನ್ನವನ್ನೂ ಮುಟ್ಟಲಿಲ್ಲ. ಸೊಸೆ ಬೇಳೆ ಬಡಿಸಲು ಬಗ್ಗಿದಾಗ ಅವಳ ಮಣಿಕಟ್ಟು ಹಿಡಿದರು. ಈ ಮನೆಗೆ ಬಂದ ಮೇಲೆ ಒಂದು ದಿನವೂ ಅವರು ಹಾಗೆ ಮಾಡಿದವರಲ್ಲ.

"ಅವನು ಹೋದನಲ್ಲ, ಅದರ ಹಿಂದಿನ ಸಂಜೆ," ಅಂದರು. "ಅವನ ಗಾಡಿ ಡಿಸ್ಕು ಬಡೀತಿದ್ದೆ. ನೀನು ಅಂಗಳದಲ್ಲಿ ಬಟ್ಟೆ ತೆಗೀತಿದ್ದೆ, ಅಲ್ವಾ? ಸಂಜೆ ದಿನಾ ತೆಗೀತೀಯಲ್ಲ."

ಮೈದುನನ ಕೈ ಬಾಯಿಯ ಹತ್ತಿರ ನಿಂತಿತು.

"ಅದರ ಸದ್ದು ಹೇಗಿತ್ತು ಮಗಳೇ?"

ಆ ಸಂಜೆ ಅವಳು ಅಂಗಳದಲ್ಲಿ ಇರಲೇ ಇಲ್ಲ. ಒಳಗೆ ಗುಬ್ಬಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು. ಬಟ್ಟೆಗಳು ಹಗ್ಗದ ಮೇಲೇ ಉಳಿದಿದ್ದವು. ಗಂಡನೇ ಆಮೇಲೆ ಒಟ್ಟು ಮಾಡಿ ತಂದು ಕುರ್ಚಿಯ ಮೇಲೆ ಹಾಕಿದ್ದ.

ಇಷ್ಟು ಹೇಳಿದರೆ ಸಾಕಿತ್ತು. ಗೊತ್ತಿಲ್ಲ ಮಾವ, ಅಂದರೂ ಸಾಕಿತ್ತು; ಉಳಿದದ್ದನ್ನು ಅವರೇ ಪೂರ್ತಿ ಮಾಡಿಕೊಳ್ಳುತ್ತಿದ್ದರು. ಗಂಡ ನಿಧಾನವಾಗಿ ಬಂದಿದ್ದ ಅಂತ ಈ ಮೇಜಿನ ಸುತ್ತ ಎಲ್ಲರಿಗೂ ಗೊತ್ತಾಗುತ್ತಿತ್ತು. ತಾನು ಮಾಡಿದ ಫೋನು ಬರೀ ಫೋನಾಗಿ ಉಳಿಯುತ್ತಿತ್ತು. ಮೈದುನ ಅವಳನ್ನೇ ನೋಡುತ್ತಿದ್ದ, ಹೇಳಿ ಅನ್ನುವ ಹಾಗೆ, ಹೇಳಬೇಡಿ ಅನ್ನುವ ಹಾಗೆ.

"ಗಂಟೆ ಹಾಗಿತ್ತು ಮಾವ."

ಮಾವ ಅವಳ ಕಣ್ಣು ನೋಡುತ್ತಿರಲಿಲ್ಲ. ತುಟಿ ನೋಡುತ್ತಿದ್ದರು.

"ಇನ್ನೊಂದ್ಸಲ ಹೇಳು."

ಅವಳು ಸೌಟು ಕೆಳಗಿಟ್ಟು, ಅವರಿಗೆ ಎದುರಾಗಿ ಬಗ್ಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಗಂಟೆ ಬಡಿದ ಹಾಗಿತ್ತು. ತುಂಬ ಹೊತ್ತು ಕೇಳಿಸ್ತಿತ್ತು."

ಮಣಿಕಟ್ಟು ಹಿಡಿದ ಕೈ ಸಡಿಲವಾಯಿತು.

"ಇದೇನು ಈಗ ಹೊಸದಾಗಿ?" ಅಂದರು ಅತ್ತೆ. "ಚಕ್ರದಲ್ಲಿ ಏನಿತ್ತು ಐಬು? ನಾನು ಆವತ್ತಿಂದ ಹೇಳ್ತಾನೇ ಇದ್ದೀನಿ. ಅವಸರ. ಬಾ ಬಾ ಅಂತ ಮನೆಯಿಂದ ಕರೆದ್ರೆ ಯಾರು ತಾನೆ..."

"ಅಮ್ಮಾ!" ಮೈದುನ ತಟ್ಟೆ ತಳ್ಳಿ ಎದ್ದ.

"ಕೂತ್ಕೋ ಪುಟ್ಟಾ, ಊಟದ ಮಧ್ಯೆ ಏಳಬಾರದು," ಅಂದಳು ಅವಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಹೌದು ಅತ್ತೆ. ನಾನೇ ಕರೆದದ್ದು."

ಗುಬ್ಬಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ಅವಳ ಕಣ್ಣು ಅಮ್ಮನ ಮುಖದ ಮೇಲೆ ನಿಂತಿತು.

"ಹಾಗಾದ್ರೆ ಅಪ್ಪ ನಿಜವಾಗ್ಲೂ ಜೋರಾಗಿ ಓಡಿಸ್ತಿದ್ನಾ?"

"ಮೊಟ್ಟೆ ತಿನ್ನು."

ಮಾವ ಅನ್ನ ಕಲಸಿದರು. ಮೊದಲ ತುತ್ತನ್ನು ಬಹಳ ಹೊತ್ತು ಅಗಿದು ನುಂಗಿದರು. ಎರಡನೆಯದು ಬೇಗ ಹೋಯಿತು. ಮೊಮ್ಮಗಳು ಕೊಟ್ಟ ಹಳದಿಯನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ತಲೆ ಎತ್ತದೆ, ಇನ್ನೊಂಚೂರು ಬೇಳೆ ಹಾಕಮ್ಮ, ಅಂದರು.

ಹಾಕಿದಳು.